ಎಥಾಂಬ್ಯುಟಾಲ್ ಆರಂಭಿಸಿದ ಐದನೇ ತಿಂಗಳಲ್ಲಿ ದೃಷ್ಟಿ ಮಸುಕು: ಇದು ಪೊರೆಯೇ, ಮಾತ್ರೆಯೇ?

ಪ್ರಶ್ನೆ

ನನ್ನ ತಂದೆಯವರಿಗೆ 68 ವರ್ಷ. ಕ್ಷಯದ ರೋಗಾಣುವಿನ ಕುಲಕ್ಕೇ ಸೇರಿದ, ಆದರೆ ಕ್ಷಯವಲ್ಲದ ಎಂಎಸಿ ಎಂಬ ಶ್ವಾಸಕೋಶದ ಸೋಂಕಿಗಾಗಿ ಅವರು ಐದು ತಿಂಗಳಿಂದ ಅಜಿಥ್ರೋಮೈಸಿನ್, ರಿಫಾಂಪಿಸಿನ್ ಮತ್ತು ದಿನಕ್ಕೆ 1,200 ಮಿಲಿಗ್ರಾಂ ಎಥಾಂಬ್ಯುಟಾಲ್ ತೆಗೆದುಕೊಳ್ಳುತ್ತಿದ್ದಾರೆ. ಮೂರು ವಾರಗಳಿಂದ, ಓದುವಾಗ ನಡುವಿನ ಅಕ್ಷರಗಳು ಅಳಿಸಿದಂತಿವೆ, ಕೆಂಪು ಬಣ್ಣ ಬಿಳಿಚಿಕೊಂಡಂತಿದೆ ಎನ್ನುತ್ತಿದ್ದಾರೆ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಕನ್ನಡಕ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಕಣ್ಣು ನೋಡಿದವರು ಒಳಭಾಗ ಸರಿಯಿದೆ, ಪೊರೆ ಆರಂಭವಾಗಿರಬಹುದು ಎಂದರು. ಮಾತ್ರೆಗಳ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಯಿಲೆಯಿಂದ ಅವರ ತೂಕ 60 ಕಿಲೋದಿಂದ 48ಕ್ಕೆ ಇಳಿದಿದೆ, ಮೂತ್ರಪಿಂಡದ ಕೆಲಸವನ್ನು ತೋರಿಸುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ 1.6 ಇದೆ. ಕಾದು ನೋಡಬಹುದೇ?

ಉತ್ತರ 1 (ನೇತ್ರವೈದ್ಯೆ)

ಕಾಯಬೇಡಿ. ಮುಂದಿನ ಗುಳಿಗೆ ನುಂಗುವ ಮೊದಲೇ, ಅದನ್ನು ಬರೆದುಕೊಟ್ಟ ವೈದ್ಯರಿಗೆ ಇಂದೇ ಫೋನ್ ಮಾಡಿ ಈ ಲಕ್ಷಣಗಳನ್ನು ತಿಳಿಸಿ.

ಎಥಾಂಬ್ಯುಟಾಲ್ ದೃಷ್ಟಿನರಕ್ಕೆ ಮಾಡುವ ಹಾನಿ ಹೆಚ್ಚಾಗಿ ಚಿಕಿತ್ಸೆಯ ಎರಡನೇ ತಿಂಗಳ ನಂತರ, ಎರಡೂ ಕಣ್ಣುಗಳಲ್ಲಿ, ನೋವಿಲ್ಲದೆ ಕಾಣಿಸಿಕೊಳ್ಳುತ್ತದೆ. ನೇರ ನೋಟವನ್ನು ಒಯ್ಯುವ ನರತಂತುಗಳೇ ಮೊದಲು ಸೊರಗುವುದರಿಂದ ನೋಟದ ನಡುಭಾಗ ಮಸುಕಾಗುತ್ತದೆ ಮತ್ತು ಬಣ್ಣಗಳು ಕಳೆಗುಂದುತ್ತವೆ. ಆರಂಭದಲ್ಲಿ ನರದ ಮೊಗ (ಕಣ್ಣಿನೊಳಗೆ ಕಾಣುವ ಅದರ ತುದಿ) ನೋಡಲು ಆರೋಗ್ಯವಾಗಿಯೇ ಇರುತ್ತದೆ. ಅದು ಬಿಳಿಚಿಕೊಳ್ಳುವುದು ತಡವಾಗಿ. ಆದ್ದರಿಂದ ‘ಒಳಭಾಗ ಸರಿಯಿದೆ’ ಎಂಬ ಮಾತು ಇಲ್ಲಿ ಸಮಾಧಾನ ಪಡುವಂಥದ್ದಲ್ಲ. ಪೊರೆಯಿಂದ ಇಡೀ ನೋಟ ಮಂಜಾಗುತ್ತದೆಯೇ ಹೊರತು ಸಾಲಿನ ನಡುವೆ ಮಾತ್ರ ಅಕ್ಷರ ಅಳಿಸುವುದಿಲ್ಲ.

ನೀವು ಕೊಟ್ಟ ಅಂಕಿಗಳು ನನಗೆ ಇನ್ನೂ ಹೆಚ್ಚು ಆತಂಕ ತಂದವು. 60 ಕಿಲೋ ತೂಕಕ್ಕೆ 1,200 ಮಿಲಿಗ್ರಾಂ ಎಂದರೆ ಕಿಲೋಗೆ 20. 48 ಕಿಲೋಗೆ ಅದೇ 25 ಆಗುತ್ತದೆ. ಕಿಲೋಗೆ 15 ಮಿಲಿಗ್ರಾಂನಲ್ಲಿ ಅಪಾಯ ನೂರಕ್ಕೆ ಒಬ್ಬರಷ್ಟಿದ್ದರೆ, 25ರಲ್ಲಿ ನೂರಕ್ಕೆ ಐದಾರು ಮಂದಿಗೆ ಏರುತ್ತದೆ. ಈ ಔಷಧದ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು, ಕ್ರಿಯಾಟಿನಿನ್ 1.6 ಇರುವವರಲ್ಲಿ ಅದು ದೇಹದಲ್ಲೇ ಉಳಿಯುತ್ತದೆ. ಇಶಿಹಾರಾ ಫಲಕಗಳ ಬಣ್ಣಪರೀಕ್ಷೆ, ವಿಷುಯಲ್ ಫೀಲ್ಡ್ (ನೋಟದ ಯಾವ ಭಾಗ ಕಾಣುತ್ತಿಲ್ಲ ಎಂದು ಗುರುತಿಸುವ ಪರೀಕ್ಷೆ) ಮತ್ತು ಓಸಿಟಿ (ಕಣ್ಣಿನ ಹಿಂಭಾಗದ ನರಪದರದ ಸ್ಕ್ಯಾನ್) ಮಾಡಿಸಿ, ಮಾತ್ರೆಗಳ ಚೀಟಿಯನ್ನು ತಪ್ಪದೆ ಜೊತೆಗೆ ಒಯ್ಯಿರಿ. ಚಿಕಿತ್ಸೆಗೆ ಮೊದಲೇ ಈ ಪರೀಕ್ಷೆ ಮಾಡಿಸಿದ್ದರೆ ಹೋಲಿಸಲು ಏನಾದರೂ ಇರುತ್ತಿತ್ತು. ಈ ಒಂದು ಹೆಜ್ಜೆ ತಪ್ಪಿಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಉತ್ತರ 2

ನನ್ನ ವಿಷಯದಲ್ಲಿ ಔಷಧ ಬೇರೆ, ಅನುಭವ ಇದೇ. ಮದ್ದಿಗೆ ಬಗ್ಗದ ಕ್ಷಯಕ್ಕೆ ಲಿನೆಜೋಲಿಡ್ ತೆಗೆದುಕೊಳ್ಳುತ್ತಿದ್ದಾಗ ನಾಲ್ಕನೇ ತಿಂಗಳಲ್ಲಿ ಎದುರು ಕುಳಿತವರ ಮುಖ ಕಾಣದಾಯಿತು, ಆದರೆ ಅವರ ಭುಜ ಸ್ಪಷ್ಟವಾಗಿತ್ತು. ಆ ಔಷಧವನ್ನು ಸಾಮಾನ್ಯ ಸೋಂಕುಗಳಿಗೆ ಕೊಡುವುದು 28 ದಿನಗಳವರೆಗೆ ಮಾತ್ರ. ಕ್ಷಯಕ್ಕಾದರೆ ತಿಂಗಳುಗಟ್ಟಲೆ ಬೇಕಾಗುತ್ತದೆ. ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವುದನ್ನು ಅದು ತಡೆಯುತ್ತದೆ. ನಮ್ಮ ಜೀವಕೋಶಗಳ ಮೈಟೋಕಾಂಡ್ರಿಯಾದಲ್ಲೂ ಅಂಥದೇ ವ್ಯವಸ್ಥೆ ಇರುವುದರಿಂದ ಏಟು ಅಲ್ಲಿಗೂ ಬೀಳುತ್ತದೆ ಎಂದು ವೈದ್ಯರು ವಿವರಿಸಿದರು. ನಿಲ್ಲಿಸಿದ ಮೇಲೆ ದೃಷ್ಟಿ ಮೂರು ತಿಂಗಳಲ್ಲಿ ಬಹುಮಟ್ಟಿಗೆ ಮರಳಿತು, ಪಾದಗಳ ಜೋಮು ಮಾತ್ರ ಇಂದಿಗೂ ಹೋಗಿಲ್ಲ.

ಪ್ರಶ್ನೆ ಕೇಳಿದವರು

ವೈದ್ಯರು ಎಥಾಂಬ್ಯುಟಾಲ್ ನಿಲ್ಲಿಸಲು ಹೇಳಿದರು. ಬಣ್ಣದ 14 ಫಲಕಗಳಲ್ಲಿ ತಂದೆಯವರು ಗುರುತಿಸಿದ್ದು ನಾಲ್ಕನ್ನು ಮಾತ್ರ. ಹೆದರಿದ ಅವರು ಉಳಿದ ಮಾತ್ರೆಗಳನ್ನೂ ಬಿಡುತ್ತೇನೆ ಎನ್ನುತ್ತಿದ್ದಾರೆ.

ಉತ್ತರ 1 (ನೇತ್ರವೈದ್ಯೆ)

ಅದಕ್ಕೆ ಅವಕಾಶ ಕೊಡಬೇಡಿ. ಎಥಾಂಬ್ಯುಟಾಲ್ ಜೊತೆಗಿರುವುದೇ ಅಜಿಥ್ರೋಮೈಸಿನ್‌ಗೆ ರೋಗಾಣು ಬಗ್ಗದಂತಾಗುವುದನ್ನು ತಡೆಯಲು. ಆ ಜಾಗಕ್ಕೆ ಬೇರೆ ಯಾವುದನ್ನು ಸೇರಿಸಬೇಕೆಂಬುದನ್ನು ಶ್ವಾಸಕೋಶದ ವೈದ್ಯರೇ ನಿರ್ಧರಿಸಬೇಕು. ಕಣ್ಣಿನ ಚೇತರಿಕೆಗೆ ತಿಂಗಳುಗಳು ಹಿಡಿಯುತ್ತವೆ, ಎಲ್ಲರಿಗೂ ಪೂರ್ತಿ ಮರಳುವುದಿಲ್ಲ, ಮತ್ತು ನಿಲ್ಲಿಸಿದ ನಂತರವೂ ಕೆಲವು ವಾರ ನೋಟ ಇನ್ನಷ್ಟು ಕುಂದಬಹುದು. ಹಾಗಾದರೆ ಗಾಬರಿಯಾಗದಂತೆ ಇದನ್ನು ಈಗಲೇ ಅವರಿಗೆ ಹೇಳಿಡಿ. ನಾಲ್ಕು ವಾರಗಳ ನಂತರ ಅದೇ ಫಲಕಗಳನ್ನು ಮತ್ತೆ ಓದಿಸಿ.