‘ವೊಸೆ’ ಎಂದರೆ ನೀನೋ ನೀವೋ?

ಹೊಸ ಕಲಿಕೆಯವ:
ಬ್ರೆಜಿಲ್‌ನಲ್ಲಿ ಅಚ್ಚಾದ ಪುಸ್ತಕದಿಂದ ಪೋರ್ಚುಗೀಸ್ ಕಲಿಯುತ್ತಿದ್ದೇನೆ. ಎದುರಿನವರು ಯಾರೇ ಆಗಲಿ, ಅದರಲ್ಲಿ ‘ವೊಸೆ’ ಎಂದೇ ಸಂಬೋಧನೆ. ಮುಂದಿನ ತಿಂಗಳು ಕೆಲಸದ ಮೇಲೆ ಲಿಸ್ಬನ್‌ಗೆ ಹೋಗಬೇಕಾಗಿದೆ. ಅಲ್ಲಿ ಹಿರಿಯರಿಗೆ ‘ವೊಸೆ’ ಎನ್ನಬೇಡಿ ಎಂದು ಪರಿಚಿತರೊಬ್ಬರು ಎಚ್ಚರಿಸಿದರು. ನಿಘಂಟು ತೆರೆದರೆ ಆ ಪದ ಹುಟ್ಟಿದ್ದೇ ಗೌರವ ಸೂಚಿಸಲು ಎಂದಿದೆ. ಯಾವುದನ್ನು ನಂಬಲಿ?

ಲಿಸ್ಬನ್ ನಿವಾಸಿ:
ಎರಡನ್ನೂ ನಂಬಿ. ಪದದ ಮೂಲರೂಪ ‘ವೊಸ ಮೆರ್ಸೆ’, ಅಂದರೆ ‘ತಮ್ಮ ಕೃಪೆ’. ಮಧ್ಯಯುಗದ ಕೊನೆಯಲ್ಲಿ ರಾಜನಿಗೇ ಹೀಗೆನ್ನುತ್ತಿದ್ದರು. ನೇರವಾಗಿ ‘ನೀನು’ ಎನ್ನಲು ಅಂಜಿ, ಅವನ ಕೃಪೆಯನ್ನು ಮುಂದಿಟ್ಟು ಮಾತನಾಡುವ ರೀತಿ ಅದು. ಆಮೇಲೆ ಶ್ರೀಮಂತರೂ ಅದನ್ನು ಬಯಸಿದರು, ವರ್ತಕರೂ ಬಯಸಿದರು. ರಾಜನಿಗೆ ‘ಔನ್ನತ್ಯ’, ಬಳಿಕ ‘ಮಹಿಮೆ’ ಎಂಬ ಹೊಸ ಬಿರುದುಗಳು ಬೇಕಾದವು. ಯಾರಿಗೆ ಯಾವ ಸಂಬೋಧನೆ ಸಲ್ಲಬೇಕೆಂದು 1597ರಲ್ಲಿ ಕಾನೂನನ್ನೇ ಹೊರಡಿಸಬೇಕಾಯಿತು. ಆಗ ಸ್ಪೇನ್‌ನ ಎರಡನೆಯ ಫಿಲಿಪ್ ಪೋರ್ಚುಗಲ್‌ಗೂ ದೊರೆ. ಕಾನೂನು ಬಂದರೂ ಪದ ನಿಲ್ಲಲಿಲ್ಲ. ವೊಸ ಮೆರ್ಸೆ, ವೊಸೆಮೆಸೆ, ವೊಸ್ಮೆಸೆ, ವೊಸೆ ಎಂದು ಸವೆಯುತ್ತಾ ಸಾಮಾನ್ಯರ ಬಾಯಿಗೆ ಇಳಿಯಿತು.

ಹಳೆಯ ಗುರುತು ಕ್ರಿಯಾಪದದಲ್ಲಿ ಈಗಲೂ ಉಳಿದಿದೆ. ‘ನೀನು ಮಾತನಾಡುತ್ತೀಯೆ’ ಎನ್ನಲು ‘ತು ಫಾಲಶ್’. ಆದರೆ ‘ವೊಸೆ ಫಾಲ’, ‘ಅವನು’ ಎಂಬರ್ಥದ ‘ಎಲೆ ಫಾಲ’ ಇದ್ದ ಹಾಗೆಯೇ. ಮಾತನಾಡುತ್ತಿರುವುದು ವ್ಯಾಕರಣದ ಪ್ರಕಾರ ನೀವಲ್ಲ, ನಿಮ್ಮ ಕೃಪೆ!

ಇಂದಿನ ಲಿಸ್ಬನ್‌ನಲ್ಲಿ ಮನೆಯವರು, ಗೆಳೆಯರು ಎಲ್ಲರೂ ‘ತು’. ಹಿರಿಯರು, ಅಪರಿಚಿತರಿಗೆ ‘ಉ ಸೆನ್ಯೋರ್’, ‘ಅ ಸೆನ್ಯೋರ’. ಇವೆರಡರ ನಡುವೆ ಸಿಕ್ಕಿಕೊಂಡ ‘ವೊಸೆ’ ಅನೇಕ ಹಿರಿಯರ ಕಿವಿಗೆ ಒರಟು. ಹೆಸರನ್ನೇ ಸರ್ವನಾಮದಂತೆ ಬಳಸುವುದೂ ಇಲ್ಲಿ ಸಹಜ. ಎದುರಿಗೆ ಕೂತ ಮರಿಯಾ ಅವರನ್ನೇ ನೋಡುತ್ತಾ ‘ಮರಿಯಾ ಅವರಿಗೆ ಕಾಫಿ ಬೇಕೇ?’ ಎಂದು ಕೇಳುತ್ತಾರೆ.

ವ್ಯಾಕರಣಪ್ರಿಯ:
ಅದಕ್ಕೇ ಹೇಳುವುದು, ಭಾಷೆಯನ್ನು ಪೋರ್ಚುಗಲ್‌ನ ಪುಸ್ತಕದಿಂದಲೇ ಕಲಿಯಬೇಕು. ಬ್ರೆಜಿಲ್‌ನವರು ಸರ್ವನಾಮಗಳ ವ್ಯವಸ್ಥೆಯನ್ನೇ ಕೆಡಿಸಿದ್ದಾರೆ. ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್‌ನಲ್ಲಿ ‘ತು’ ಎಂದು ಆರಂಭಿಸಿ ‘ಅವನು’ ರೂಪದ ಕ್ರಿಯಾಪದ ಹಚ್ಚುತ್ತಾರೆ. ‘ವೊಸೆ’ ಎಂದವರೇ ಮುಂದಿನ ಮಾತಿನಲ್ಲಿ ‘ನಿನ್ನನ್ನು’ ಎನ್ನಲು ‘ತೆ’ ಬಳಸುತ್ತಾರೆ. ‘ನಾವು’ ಎನ್ನಲು ‘ನೋಸ್’ ಇದ್ದರೂ ‘ಜನ’ ಎಂಬರ್ಥದ ‘ಅ ಜೆಂತೆ’ ಎನ್ನುತ್ತಾರೆ. ಇದನ್ನು ಬೆಳವಣಿಗೆ ಎನ್ನಲು ನನಗೆ ಮನಸ್ಸು ಬಾರದು.

ಸಾವೊ ಪೌಲೊ ಕನ್ನಡಿಗ:
‘ಕೆಡಿಸಿದ್ದಾರೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆರಕೆ ಅಪರಾಧವಾದರೆ ಪೋರ್ಚುಗಲ್ ಕೂಡ ಅಪರಾಧಿಯೇ. ಅಲ್ಲಿ ಬಹುವಚನಕ್ಕೆ ‘ವೊಸೆಶ್’ ಎಂದವರೇ ‘ನಿಮ್ಮ’ ಎನ್ನುವಾಗ ‘ವೊಸು’ ಎನ್ನುತ್ತಾರೆ. ಈ ‘ವೊಸು’ ಹಳೆಯ ‘ವೋಶ್’ ಎಂಬ ಸರ್ವನಾಮದ ಆಸ್ತಿ. ಆ ‘ವೋಶ್’ ಪೋರ್ಚುಗಲ್‌ನಲ್ಲೇ ಉತ್ತರ ಭಾಗದ ಕೆಲವೆಡೆ ಬಿಟ್ಟರೆ ಆಡುಮಾತಿನಿಂದ ಮರೆಯಾಗಿದೆ. ಪರಲೋಕದ ತಂದೆಗೆ ಸಲ್ಲಿಸುವ ಪ್ರಾರ್ಥನೆಯಲ್ಲಿ ಮಾತ್ರ ಎರಡೂ ದೇಶಗಳಲ್ಲಿ ಅದರ ಕ್ರಿಯಾರೂಪ ಇಂದಿಗೂ ಕೇಳಿಸುತ್ತದೆ.

‘ಶುದ್ಧ’ ಎಂದು ನೀವು ನಂಬುವ ‘ಕೊಮಿಗೊ’ವನ್ನೇ ಬಿಡಿಸಿ ನೋಡಿ. ‘ನನ್ನೊಂದಿಗೆ’ ಎನ್ನಲು ಲ್ಯಾಟಿನ್‌ನಲ್ಲಿ ‘ಮೇಕುಮ್’. ಕೊನೆಯ ‘ಕುಮ್’ ಎಂದರೆ ‘ಒಂದಿಗೆ’. ಅದು ‘ಮಿಗೊ’ ಎಂದು ಸವೆದಾಗ ಒಳಗಿದ್ದ ‘ಒಂದಿಗೆ’ ಯಾರಿಗೂ ಕಾಣಿಸದಾಯಿತು. ಮುಂದೆ ಮತ್ತೊಂದು ‘ಕೊಮ್’ ಸೇರಿಸಿದರು. ಒಂದೇ ಪದದಲ್ಲಿ ಎರಡು ‘ಒಂದಿಗೆ’! ಇದನ್ನು ಯಾವ ವ್ಯಾಕರಣವೂ ತಪ್ಪೆನ್ನುವುದಿಲ್ಲ. ‘ಅವನು’ ಎಂಬರ್ಥದ ‘ಎಲೆ’ ಕೂಡ ‘ಆ’ ಎಂದು ಬೊಟ್ಟು ಮಾಡುತ್ತಿದ್ದ ಲ್ಯಾಟಿನ್‌ನ ‘ಇಲ್ಲೆ’ಯಿಂದ ಬಂದದ್ದು. ‘ಅ ಜೆಂತೆ’ಯಂಥದ್ದು ಫ್ರೆಂಚ್‌ನಲ್ಲೂ ಇದೆ. ‘ಮನುಷ್ಯ’ ಎಂಬ ಲ್ಯಾಟಿನ್ ಪದವೇ ಅಲ್ಲಿ ‘ಓಂ’ ಎಂಬ ಸರ್ವನಾಮವಾಗಿ, ಮಾತಿನಲ್ಲಿ ‘ನಾವು’ ಎಂಬರ್ಥಕ್ಕೆ ಸಲ್ಲುತ್ತಿದೆ.

ಮಂಗಳೂರಿನ ಓದುಗ:
ಎರಡು ಸಂದೇಹಗಳಿವೆ. ಸ್ಪ್ಯಾನಿಷ್‌ನಲ್ಲಿ ‘ನೀವು’ ಎಂಬರ್ಥದ ‘ಉಸ್ತೆದ್’ ಅರಬ್ಬಿಯ ‘ಉಸ್ತಾದ್’ನಿಂದ ಬಂದಿದೆ ಎಂದು ಕೇಳಿದ್ದೇನೆ. ಹಾಗೆಯೇ, ನಮ್ಮ ಮನೆಮಾತು ಕೊಂಕಣಿಯ ‘ತೂಂ’ ಪೋರ್ಚುಗೀಸರು ಕೊಟ್ಟ ‘ತು’ ಎಂದು ನೆಂಟರೊಬ್ಬರು ವಾದಿಸುತ್ತಾರೆ. 1510ರಿಂದ 1961ರವರೆಗೆ ಗೋವಾ ಅವರ ಕೈಯಲ್ಲಿತ್ತಲ್ಲ?

ಭಾಷಾಶಾಸ್ತ್ರದ ವಿದ್ಯಾರ್ಥಿನಿ:
ಎರಡೂ ಸರಿಯಲ್ಲ. ‘ಉಸ್ತೆದ್’ ಕಾಣಿಸಿಕೊಳ್ಳುವುದು 17ನೆಯ ಶತಮಾನದಲ್ಲಿ. ಸ್ಪೇನ್ ನೆಲದಲ್ಲಿ ಮುಸ್ಲಿಂ ಅರಸರ ಕೊನೆಯ ರಾಜ್ಯವಾದ ಗ್ರನಾದಾ 1492ರಲ್ಲೇ ಬಿದ್ದಿತ್ತು. ‘ತಮ್ಮ ಕೃಪೆ’ ಎಂಬರ್ಥದ ‘ವುಏಸ್ತ್ರಾ ಮೆರ್ಸೆದ್’ನಿಂದ ‘ಉಸ್ತೆದ್’ವರೆಗಿನ ನಡುವಿನ ರೂಪಗಳು, ‘ವುಸ್ತೆದ್’ನಂಥವು, ಹಳೆಯ ಬರಹಗಳಲ್ಲಿ ಸಿಗುತ್ತವೆ. ಪದವನ್ನು ಚುಟುಕಾಗಿ ಬರೆಯುವ ಹಳೆಯ ಕ್ರಮವೊಂದು ‘ವಿ’ ಅಕ್ಷರದಿಂದಲೇ ಆರಂಭವಾಗುತ್ತದೆ. ‘ಉಸ್ತಾದ್’ನಲ್ಲಿ ಆ ಅಕ್ಷರಕ್ಕೆ ಜಾಗವೆಲ್ಲಿ? ನೆರೆಯ ಕತಲಾನ್‌ನ ‘ವುಸ್ತೆ’, ಗಲಿಸಿಯನ್‌ನ ‘ವೊಸ್ತೆದೆ’ ಕೂಡ ಅದೇ ಕೃಪೆಯ ಮಕ್ಕಳು. ಕೊಲಂಬಿಯಾದ ಬೊಗೊಟಾ ಕಡೆ ಇಂದಿಗೂ ‘ಸುಮೆರ್ಸೆ’ ಎನ್ನುತ್ತಾರೆ. ಅಲ್ಲಿ ಕೃಪೆ ಸವೆಯದೆ ಹಾಗೆಯೇ ಉಳಿದಿದೆ, ಅದೂ ಅಕ್ಕರೆಯ ಮಾತಾಗಿ.

‘ತೂಂ’ ವಿಷಯ: ಪೋರ್ಚುಗೀಸರ ಆಳ್ವಿಕೆ ಕಾಣದ ಊರುಗಳ ಮರಾಠಿಯಲ್ಲೂ ಹಿಂದಿಯಲ್ಲೂ ‘ತೂ’ ಇದೆ, ಸಂಸ್ಕೃತದಲ್ಲಿ ‘ತ್ವಮ್’ ಇದೆ. ಲ್ಯಾಟಿನ್‌ನ ‘ತೂ’ ಮತ್ತು ಸಂಸ್ಕೃತದ ‘ತ್ವಮ್’ ಒಂದೇ ಇಂಡೋ-ಯುರೋಪಿಯನ್ ಬೇರಿನವು. ನಿಮ್ಮ ‘ತೂಂ’ ಪೋರ್ಚುಗೀಸರ ‘ತು’ವಿಗೆ ದಾಯಾದಿ. ಸಾವಿರಾರು ವರ್ಷ ಹಿಂದೆ ಬೇರೆಯಾದ ಎರಡು ಕವಲುಗಳು ಗೋವಾದಲ್ಲಿ ಎದುರುಬದುರಾದವು, ಅಷ್ಟೆ.

ವ್ಯಾಕರಣಪ್ರಿಯ:
ಇತಿಹಾಸ ಚೆನ್ನಾಗಿದೆ. ಆದರೂ ಕಲಿಯುವವನಿಗೆ ಒಂದು ನಿಯಮ ಬೇಕಲ್ಲವೇ? ಎಲ್ಲವೂ ಸರಿ ಎಂದುಬಿಟ್ಟರೆ ಅವನು ಬಾಯಿ ತೆರೆಯುವುದಾದರೂ ಹೇಗೆ?

ಲಿಸ್ಬನ್ ನಿವಾಸಿ:
ಆಜ್ಞೆಯಿಂದ ಬರುವ ನಿಯಮ ನಿಲ್ಲುವುದಿಲ್ಲ. ಇಟಲಿಯಲ್ಲಿ ಗೌರವದ ‘ಲೇಯಿ’ಯನ್ನು ಬಿಟ್ಟು ‘ವೋಯಿ’ ಎನ್ನಬೇಕೆಂದು 1938ರಲ್ಲಿ ಮುಸೊಲಿನಿಯ ಸರ್ಕಾರ ಕಟ್ಟಳೆ ಮಾಡಿತು. ಸರ್ಕಾರ ಹೋಯಿತು, ‘ಲೇಯಿ’ ಮರಳಿತು. ಎದುರಿನವರ ಕಿವಿಗೆ ಹಿತವಾದದ್ದೇ ಅಲ್ಲಿಯ ನಿಯಮ.

ಹೊಸ ಕಲಿಕೆಯವರೇ, ಲಿಸ್ಬನ್‌ನಲ್ಲಿ ಸರ್ವನಾಮವನ್ನೇ ಬಿಟ್ಟು ಮಾತನಾಡಿ. ‘ನನಗೆ ಸಹಾಯ ಮಾಡಬಹುದೇ?’ ಎನ್ನಲು ‘ಪೋದೆ ಅಜುದಾರ್-ಮೆ?’ ಸಾಕು. ಕ್ರಿಯಾಪದದ ರೂಪದಲ್ಲೇ ಮರ್ಯಾದೆ ಇದೆ. ತಮ್ಮನ್ನು ‘ತು’ ಎನ್ನಲು ಅವರಾಗಿಯೇ ಹೇಳುವವರೆಗೆ ನೀವು ಆ ಹೆಜ್ಜೆ ಇಡಬೇಡಿ.

ಸಾವೊ ಪೌಲೊ ಕನ್ನಡಿಗ:
ಇದಕ್ಕೆ ನನ್ನ ಸಹಮತವಿದೆ. ಸಾವೊ ಪೌಲೊಗೆ ಬಂದಾಗ ಧಾರಾಳವಾಗಿ ‘ವೊಸೆ’ ಎನ್ನಿ. ವಯಸ್ಸಾದವರು ಎದುರಾದರೆ ಮಾತ್ರ ಇಲ್ಲಿಯೂ ‘ಓ ಸೆನ್ಯೋರ್’, ‘ಅ ಸೆನ್ಯೋರ’.