ಕಯಾಕ್ ರೋಲ್: ಅರ್ಧ ಎದ್ದು ಮತ್ತೆ ಮಗುಚುತ್ತದೆ, ಎಲ್ಲಿ ತಪ್ಪುತ್ತಿದ್ದೇನೆ?

ಶಾಂಭವಿ_ತೀರ:
ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಎರಡು ತಿಂಗಳಿಂದ ರೋಲ್ ಕಲಿಯುತ್ತಿದ್ದೇನೆ, ಅಂದರೆ ಕಯಾಕ್ ಎಂಬ ಕಿರುದೋಣಿ ಮಗುಚಿದಾಗ ಅದರಲ್ಲಿ ಕೂತಲ್ಲೇ ಪ್ಯಾಡಲ್ (ಹುಟ್ಟು) ಬೀಸಿ ಮತ್ತೆ ನೆಟ್ಟಗೆ ಏಳುವುದು. ಏಳುವುದು ಬಲಗಡೆಯಿಂದ. ಮಗುಚಿದ ಮೇಲೆ ಪ್ಯಾಡಲ್ ಬೀಸುತ್ತೇನೆ, ಮುಖ ಹೊರಗೆ ಬರುತ್ತದೆ, ಒಂದು ಉಸಿರು ಸಿಗುತ್ತದೆ, ಅಷ್ಟರಲ್ಲಿ ದೋಣಿ ಮತ್ತೆ ಬುಡಮೇಲು. ಬಲ ಸಾಲದೇನೋ ಅಂತ ಇನ್ನೂ ಜೋರಾಗಿ ಎಳೆದೆ. ಈಗ ಭುಜ ನೋಯುತ್ತಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬೆಂಗ್ರೆ_ಅಳಿವೆ:
ಮೊದಲು ಭುಜದ ನೋವು ಪೂರ್ತಿ ಹೋಗಲಿ ಮಾರಾಯ್ರೆ, ಅಲ್ಲಿವರೆಗೆ ರೋಲ್ ಬೇಡ.

ಒಂದು ಉಸಿರು ಸಿಗುತ್ತದೆ ಅಂದಿರಲ್ಲ, ತಪ್ಪು ಅಲ್ಲೇ ಇದೆ. ಉಸಿರಿನ ಆಸೆಗೆ ತಲೆ ಮೊದಲು ಎತ್ತುತ್ತಿದ್ದೀರಿ. ತಲೆ ನೀರಲ್ಲಿ ಇರುವಷ್ಟು ಹೊತ್ತು ಅದರ ಭಾರ ನೀರೇ ಹೊರುತ್ತದೆ. ಎತ್ತಿದ ಕೂಡಲೇ ನಾಲ್ಕೈದು ಕಿಲೋ ನಿಮ್ಮ ಮೇಲೆ. ದೋಣಿ ಮೊದಲು, ಮೈ ಆಮೇಲೆ, ತಲೆ ಕಟ್ಟಕಡೆಗೆ.

ಈಗಲೇ ಕುರ್ಚಿಯಲ್ಲಿ ಕೂತು ನೋಡಿ. ಬಲ ಕಿವಿಯನ್ನು ಬಲ ಭುಜದ ಕಡೆ ತಂದು ಪಕ್ಕೆ ಮಡಚಿ. ಬಲ ಸೊಂಟ ತಾನಾಗಿ ಮೇಲೆ ಬರುತ್ತದೆ, ಅಲ್ವಾ? ದೋಣಿಯನ್ನು ನೆಟ್ಟಗೆ ಮಾಡುವುದು ಅದೇ ಸೊಂಟ, ಜೊತೆಗೆ ದೋಣಿಯನ್ನು ಒಳಗಿಂದ ಮೇಲಕ್ಕೆ ಒತ್ತುವ ಬಲ ಮಂಡಿ. ಈಗ ತಲೆಯನ್ನು ಎಡಕ್ಕೆ ಎತ್ತಿ. ಎಡ ಸೊಂಟ ಮೇಲೆ ಬಂತು. ನೀರಲ್ಲಿ ನಿಮ್ಮನ್ನು ವಾಪಸ್ ಮಗುಚುತ್ತಿರುವುದು ಇದೇ.

ಕೈಗೆ ಕೆಲಸ ಕಡಿಮೆ. ಪ್ಯಾಡಲನ್ನು ಕೆಳಕ್ಕೆ ಎಳೆದರೆ ಅದು ಸುಮ್ನೆ ಮುಳುಗುತ್ತದೆ. ಮೊಣಕೈ ಪಕ್ಕೆಗೆ ಹತ್ತಿರ ಇರಲಿ, ಭುಜ ಉಳಿಯುವುದು ಅದರಿಂದ. ಬೀಸುವಾಗ ಕಣ್ಣು ಪ್ಯಾಡಲಿನ ಎಲೆಯ (ಅಗಲ ತುದಿಯ) ಮೇಲೇ ಇರಲಿ. ಅದನ್ನು ನೋಡುತ್ತಿದ್ದರೆ ತಲೆ ಬೇಗ ಏಳುವುದಿಲ್ಲ. ಕಯಾಕಿನಲ್ಲಿ ಬೇಟೆಗೆ ಹೋಗುತ್ತಿದ್ದ ಗ್ರೀನ್‌ಲ್ಯಾಂಡಿನವರ ಎಷ್ಟೋ ರೋಲ್‌ಗಳು ಹಿಂದಿನ ಡೆಕ್ಕಿಗೆ (ದೋಣಿಯ ಹಿಂಭಾಗದ ಮೇಲ್ಮೈಗೆ) ಬೆನ್ನು ಹಾಸಿಯೇ ಮುಗಿಯುತ್ತವೆ. ಅಲ್ಲೂ ತಲೆ ತಗ್ಗಿಯೇ ಇರುತ್ತದೆ.

ಶಾಂಭವಿ_ತೀರ:
ಕುರ್ಚಿಯಲ್ಲಿ ಅರ್ಥವಾಯಿತು ಅಣ್ಣ. ನೀರಲ್ಲಿ ಮಂಡಿ ಜಾರುತ್ತದೆ.

ಬೆಂಗ್ರೆ_ಅಳಿವೆ:
ಹಾಗಾದರೆ ಮಂಡಿ ಒತ್ತಿದ್ದು ದೋಣಿಗೆ ತಲುಪುವುದೇ ಇಲ್ಲ. ತೊಡೆ ತಾಗುವಲ್ಲಿ, ಸೊಂಟದ ಎರಡೂ ಬದಿಗೆ ಫೋಮ್ ಅಂಟಿಸಿ. ಕೂತಾಗ ಬಿಗಿ ಇರಬೇಕು, ಆದರೆ ಸ್ಕರ್ಟ್ (ನೀರು ಒಳಬರದಂತೆ ಸೊಂಟದ ಸುತ್ತ ದೋಣಿಯ ಬಾಯಿ ಮುಚ್ಚುವ ಹೊದಿಕೆ) ಬಿಚ್ಚಿದರೆ ತಕ್ಷಣ ಹೊರಬರಲೂ ಆಗಬೇಕು. ಆಮೇಲೆ ಪ್ಯಾಡಲ್ ಬದಿಗಿಡಿ. ಗೆಳೆಯರೊಬ್ಬರು ಸೊಂಟದ ನೀರಲ್ಲಿ ನಿಂತು ಕೈ ಕೊಡಲಿ. ದೋಣಿ ಒಣಗಿಸುವ ಸ್ಪಂಜನ್ನು ಬಲ ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಬರೀ ಸೊಂಟದಿಂದ ದೋಣಿ ತಿರುಗಿಸಿ. ಸ್ಪಂಜು ಬಿದ್ದರೆ ತಲೆ ಎದ್ದಿದೆ ಅಂತಲೇ. ಗೆಳೆಯರ ಕೈಗೆ ಭಾರ ಬಿದ್ದರೆ ಇನ್ನೂ ತೋಳಿಂದ ಏಳುತ್ತಿದ್ದೀರಿ.

ಒಬ್ಬರೇ ಇಳಿಯಬೇಡಿ. ಇಳಿತದ ಹೊತ್ತಲ್ಲಿ ಸಸಿಹಿತ್ಲು ಅಳಿವೆ ಕಡೆ ಅಂತೂ ಬೇಡವೇ ಬೇಡ, ನೀರು ಸಮುದ್ರಕ್ಕೆ ಎಳೆಯುತ್ತದೆ.

ಶಾಂಭವಿ_ತೀರ:
ಭುಜ ವಾಸಿಯಾದ ಮೇಲೆ ಮೂರು ಭಾನುವಾರ ಮಾಡಿದೆ. ಮೊದಲೆರಡು ವಾರ ಸ್ಪಂಜು ಹುಡುಕುವುದೇ ಆಯಿತು. ನಿನ್ನೆ ಪ್ಯಾಡಲ್ ಹಿಡಿದು ಹತ್ತರಲ್ಲಿ ಆರು ಸಲ ಎದ್ದೆ. ಭುಜ ನೋಯಲಿಲ್ಲ.