ತಮ್ಮನ ಸೈಟಿನ ದಾರಿ ವಿಷಯ

ತಮ್ಮಾ, ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ವಾಯ್ಸ್ ಮೆಸೇಜು ಬೆಳಿಗ್ಗೆನೇ ಕೇಳಿದೆ. ಅಡುಗೆ ಮುಗಿಸಿ ಈಗ ಕೂತು ಹೇಳುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು. ಸೈಟಿನ ಮುಂದಿನ 30 ಅಡಿ ರಸ್ತೆ ಇನ್ನೂ ಮಾಡಿಲ್ಲ, ಬರೀ ಬಳ್ಳಾರಿ ಜಾಲಿ ಬೆಳೆದಿದೆ. ಅಲ್ಲಿಗೆ ಪಕ್ಕದವರು ಕಲ್ಲು ನೆಟ್ಟು ತಂತಿ ಎಳೆದು "ಇಲ್ಲೆಲ್ಲಿದೆ ರಸ್ತೆ" ಅಂದರು, ಅಲ್ವಾ? ಚಿಕ್ಕಪ್ಪ, ಜೆಸಿಬಿ ತಂದು ಕಿತ್ತು ಹಾಕೋಣ ಅಂತ ನೀವು ಹೇಳಿದ್ದೂ ಕೇಳಿದೆ. ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ದಯವಿಟ್ಟು ಬೇಡ. ಕಿತ್ತ ದಿನವೇ ಅವರು ಸ್ಟೇಷನ್‌ಗೆ ಹೋಗುತ್ತಾರೆ. ಆಮೇಲೆ ರಸ್ತೆ ಮಾತು ಹಿಂದೆ ಬಿದ್ದು, ಕಲ್ಲು ಕಿತ್ತವರು ಯಾರು ಅನ್ನೋದೇ ಕೇಸಾಗುತ್ತದೆ.

ತಮ್ಮಾ, ಮೊದಲು ಕ್ರಯಪತ್ರ ತೆಗೆದು ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕೂ ದಿಕ್ಕಿಗೆ ಏನಿದೆ ಅನ್ನೋದನ್ನು ಓದು. ಒಂದು ದಿಕ್ಕಿಗೆ ರಸ್ತೆ ಅಂತ ಬರೆದಿರುತ್ತದೆ. ಪಕ್ಕದವರ ಕ್ರಯಪತ್ರದ ನಕಲನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳು. ಅದರಲ್ಲೂ ಆ ಬದಿಗೆ ರಸ್ತೆ ಅಂತಲೇ ಇದ್ದರೆ ಅರ್ಧ ಜಗಳ ಮುಗಿದಂತೆ. ಆಮೇಲೆ ಬುಡಾದಿಂದ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದಿಂದ, ಲೇಔಟ್ ನಕ್ಷೆಯ ದೃಢೀಕೃತ ನಕಲು ತಗೋ. ನಕ್ಷೆಯಲ್ಲಿ ರಸ್ತೆಗೆ ಬಿಟ್ಟ ಜಾಗ ಡಾಂಬರು ಬೀಳದಿದ್ದರೂ ರಸ್ತೆಯೇ. ನಕ್ಷೆಯೇ ಇಲ್ಲದೆ ಹೊಲವನ್ನೇ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟಾಗಿದ್ದರೆ ಕಷ್ಟ ಇತ್ತು. 20 ವರ್ಷ ಓಡಾಡಿದ್ದಕ್ಕೆ ಸಾಕ್ಷಿ ಕೊಡಬೇಕು, ಇಲ್ಲವೇ ಬೇರೆ ದಾರಿಯೇ ಇಲ್ಲ ಅಂತ ತೋರಿಸಬೇಕು. ನಿನ್ನದು ಹಾಗಲ್ಲ.

ನಾವು ಮನೆ ಕಟ್ಟುವಾಗಲೂ ಇದೇ ಆಗಿತ್ತು. ಪಾಲಿಕೆ ಎಂಜಿನಿಯರು ನಕ್ಷೆ ಹಿಡಿದು ಬಂದು ಟೇಪು ಎಳೆದರು. ಜಾಲಿ ಬೇರಿನ ಕೆಳಗೆ, ಎರೆ ಮಣ್ಣಿನಲ್ಲಿ ಹೂತುಹೋಗಿದ್ದ ಮೂಲೆಗಲ್ಲು ಸಿಕ್ಕಿತು. ಒಂದು ಬದಿಗೆ ಬಿಳಿ ಬಣ್ಣ ಇನ್ನೂ ಇತ್ತು. ಪಕ್ಕದ ಮನೆ ಅಜ್ಜ ತಾವೇ ಕುಕ್ಕರಗಾಲಲ್ಲಿ ಕೂತು, ಟವೆಲ್ಲಿನಿಂದ ಮಣ್ಣು ಒರೆಸಿ ನೋಡಿದರು. ಅಲ್ಲಿತನಕ ಕೂಗಾಡುತ್ತಿದ್ದವರು ಆಗ ಮೆತ್ತಗೆ ಅಂದರು: "ನೀವು ಗರಸು ಹಾಕಿ ರಸ್ತೆ ಎತ್ತರ ಮಾಡಿದರೆ ಮಳೆ ನೀರೆಲ್ಲ ನಮ್ಮ ಅಂಗಳಕ್ಕೆ ಬರುತ್ತದಮ್ಮ." ಅವರ ಚಿಂತೆ ಜಾಗದ್ದಲ್ಲ, ನೀರಿನದು! ಬದಿಗೆ ಒಂದು ಚರಂಡಿ ತೋಡಿಸಿಕೊಟ್ಟೆವು. ಕಲ್ಲುಗಳನ್ನು ಅವರ ಮಗನೇ ತೆಗೆದ. ಅದಕ್ಕೇ ಹೇಳುತ್ತಿದ್ದೇನೆ, ಇವರನ್ನೂ ಒಮ್ಮೆ ಕೇಳು, ನಿಮಗೇನು ತೊಂದರೆ ಅಂತ. ಕಾಗದ ಕೈಯಲ್ಲಿಟ್ಟುಕೊಂಡು, ಆದರೆ ಮುಖಕ್ಕೆ ಹಿಡಿಯದೆ ಕೇಳು.

ಒಪ್ಪಿದರೆ ಬಾಯಿಮಾತಲ್ಲಿ ಬಿಡಬೇಡ, ಬರೆಸಿ ಇಬ್ಬರೂ ಸಹಿ ಹಾಕಿ. ಒಪ್ಪದಿದ್ದರೆ ಪಾಲಿಕೆಗೆ ಅರ್ಜಿ ಕೊಡು, ಸ್ವೀಕೃತಿ ತಗೋ. ಜೊತೆಗೆ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು. ಸೈಟು ನಿನ್ನ ಹೆಂಡತಿ ಹೆಸರಲ್ಲಿದೆಯಲ್ಲ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅವರೇ ನಡೆಸುವ ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬಲ, ಅದರ ಮೇಲೆ ಅಪೀಲೂ ಇಲ್ಲ.

ಭಾನುವಾರ ನಾನೂ ನಿಮ್ಮ ಭಾವನೂ ಬರುತ್ತೇವೆ. ಟೇಪು ನಾವೇ ತರುತ್ತೇವೆ. ಅಷ್ಟರಲ್ಲಿ ಆ ಕಲ್ಲು, ತಂತಿಯ ಫೋಟೋ ತೆಗೆದಿಡು. ಚಿಕ್ಕಪ್ಪ, ನೀವೂ ಬನ್ನಿ, ಹಿರಿಯರು ಮಾತಾಡಿದರೆ ಅವರೂ ಕೇಳುತ್ತಾರೆ.